ತೋಳಕ್ಕೆ ತುಂಬುತೋಳಿನ ಅಂಗಿ: ‘ದಿ ವುಲ್ಫ್ ಮ್ಯಾನ್’ 4ಕೆ ಡಿಸ್ಕ್

ತೋಳ ಕಚ್ಚಿ ತೋಳಮನುಷ್ಯನಾಗುವವನ ಕಥೆಯ, 1941ರ ಈ ಕಪ್ಪು-ಬಿಳುಪು ಚಿತ್ರದ ಉದ್ದ ಬರೀ 70 ನಿಮಿಷ. ಯೂನಿವರ್ಸಲ್ 2021ರಲ್ಲಿ ತಂದ ನಾಲ್ಕು ಚಿತ್ರಗಳ 4ಕೆ (ಅತಿ ಸ್ಪಷ್ಟ ಚಿತ್ರದ ಡಿಸ್ಕ್) ಸೆಟ್‌ನಲ್ಲಿ ಇದೂ ಒಂದು. ಪ್ರಿಂಟ್ ಎಷ್ಟು ಚೊಕ್ಕ ಅಂದರೆ, ಹಳೇ ಡಿವಿಡಿಯ ಮಬ್ಬಿನಲ್ಲಿ ಅಡಗಿದ್ದ ತಪ್ಪುಗಳೆಲ್ಲ ಈಗ ಎದುರಿಗೇ ಬಂದು ನಿಲ್ಲುತ್ತವೆ.

ಎಲ್ಲಕ್ಕಿಂತ ದೊಡ್ಡದು ಅಂಗಿಯದು. ಚಿತ್ರ ಅರ್ಧ ದಾಟಿದ ಮೇಲೆ ಲ್ಯಾರಿ ಪಾತ್ರದ ಲಾನ್ ಚೇನಿ ಜೂನಿಯರ್ ಗಾಬರಿಯಲ್ಲಿ ಅಂಗಿ ಕಳಚಿ, ಬನಿಯನ್‌ನಲ್ಲೇ ಕುರ್ಚಿ ಮೇಲೆ ಕೂತು ಬೂಟು, ಕಾಲುಚೀಲ ಬಿಚ್ಚುತ್ತಾನೆ. ಕ್ಯಾಮೆರಾ ಪಾದಕ್ಕಿಳಿಯುತ್ತದೆ. ಒಂದು ಶಾಟ್ ಕರಗಿ ಇನ್ನೊಂದು ಮೂಡುತ್ತ ಕೂದಲು ದಟ್ಟವಾಗಿ, ಪಾದಗಳು ತುದಿಗಾಲಲ್ಲಿ ಹೊರಡುತ್ತವೆ. ಆಮೇಲೆ ಹೊರಗೆ ಮಂಜಿನಲ್ಲಿ ನೋಡಿದರೆ ಮೈಮೇಲೆ ಕಡುಬಣ್ಣದ ತುಂಬುತೋಳಿನ ಅಂಗಿ, ಕೊರಳ ತನಕ ಗುಂಡಿ! ಆ ಪಂಜದಲ್ಲಿ ಗುಂಡಿ ಹಾಕಿಕೊಂಡದ್ದು ಹೇಗೋ. ಕಾರಣ ಮಾತ್ರ ಊಹಿಸಬಹುದು: ಮೇಕಪ್‌ನ ಜ್ಯಾಕ್ ಪಿಯರ್ಸ್ ಯಾಕ್ ಕೂದಲು ಅಂಟಿಸಿ ಈ ರೂಪ ಮಾಡುತ್ತಿದ್ದರು. ಬನಿಯನ್‌ನಲ್ಲೇ ಬಿಟ್ಟಿದ್ದರೆ ಎದೆ, ಹೆಗಲು, ರಟ್ಟೆಗೂ ಅಂಟಿಸಬೇಕಿತ್ತು.

ಇನ್ನೊಂದು ಎಡವಟ್ಟು ಕಥೆಯದ್ದೇ. ಬೇಲಾ ಲುಗೋಸಿಯ ಪಾತ್ರ ನಾಲ್ಕು ಕಾಲಿನ ತೋಳವಾಗುತ್ತದೆ (4ಕೆಯಲ್ಲಿ ಅದು ಜರ್ಮನ್ ಶೆಫರ್ಡ್ ನಾಯಿ ಅಂತ ಮಕ್ಕಳೂ ಹೇಳುತ್ತಾರೆ). ಅದೇ ತೋಳ ಕಚ್ಚಿದ ಲ್ಯಾರಿ ಎರಡು ಕಾಲಲ್ಲಿ ಓಡಾಡುತ್ತಾನೆ. ವೇಲ್ಸ್‌ನಲ್ಲಿ ಹುಟ್ಟಿದವನ ಬಾಯಲ್ಲಿ ಅಪ್ಪಟ ಅಮೆರಿಕನ್ ಇಂಗ್ಲಿಷ್. ಅಮೆರಿಕದಲ್ಲಿ 18 ವರ್ಷ ಇದ್ದ ಅಂತ ಕಥೆ ಹೇಳುವುದರಿಂದ ಅದನ್ನು ಮಾಫಿ ಮಾಡೋಣ.

ತೋಳಮನುಷ್ಯ ರೂಪ ಬದಲಿಸುವುದು ಹುಣ್ಣಿಮೆಗೆ ಅಂತ ನಂಬಿ, ಇಲ್ಲಿ ಹುಣ್ಣಿಮೆ ಚಂದ್ರನೇ ಕಾಣಲ್ಲ ಅಂತ ದೂರುವವರಿದ್ದಾರೆ. ಅದು ತಪ್ಪಲ್ಲ. ಚಿತ್ರಕಥೆಗಾರ ಕರ್ಟ್ ಸಿಯೋಡ್ಮ್ಯಾಕ್ ಇದಕ್ಕೆ ಬರೆದ, ತೋಳಮನುಷ್ಯನ ಬಗೆಗಿನ ಪದ್ಯದಲ್ಲಿರುವುದು ಶರತ್ಕಾಲದ ಚಂದ್ರ ಅಷ್ಟೇ. ಹುಣ್ಣಿಮೆ ಸೇರಿದ್ದು 1943ರ ಮುಂದಿನ ಚಿತ್ರದಲ್ಲಿ. ಅಂದಹಾಗೆ, ಸಿಯೋಡ್ಮ್ಯಾಕ್ ಬರೆದ ಆ ಪದ್ಯವನ್ನು ಹಳೇ ಜನಪದ ಪದ್ಯ ಅಂತ ನಂಬಿದವರು ಈಗಲೂ ಬೇಕಾದಷ್ಟಿದ್ದಾರೆ.

ಬೆಂಗಳೂರಲ್ಲಿ ಕೊಳ್ಳುವವರಿಗೆ: 4ಕೆ ಡಿಸ್ಕಿಗೆ ರೀಜನ್ ಲಾಕ್ (ಒಂದು ವಲಯದ ಡಿಸ್ಕ್ ಇನ್ನೊಂದು ವಲಯದ ಪ್ಲೇಯರಲ್ಲಿ ಓಡದಂತೆ ಹಾಕುವ ತಡೆ) ಇರುವುದಿಲ್ಲ. ಮಾಮೂಲಿ ಬ್ಲೂ-ರೇಗೆ ಇರಬಹುದು. ಬ್ಲೂ-ರೇಯಲ್ಲಿ ನಮ್ಮ ವಲಯ ಸಿ, ಅಮೆರಿಕದ್ದು ಎ. ಎಸ್.ಪಿ. ರೋಡಿನಲ್ಲಿ ಪ್ಲೇಯರ್ ಕೇಳುವಾಗ ‘ಬ್ಲೂ-ರೇ’ ಅಂದರೆ ಸಾಲದು, ‘4ಕೆ ಯುಎಚ್‌ಡಿ’ ಅಂತ ಒತ್ತಿ ಹೇಳಿ. ಪ್ಲೇಸ್ಟೇಷನ್ ಗೇಮ್ ಯಂತ್ರಗಳಲ್ಲಿ ಪಿಎಸ್4 ಪ್ರೊ ಕೂಡ ಈ ಡಿಸ್ಕ್ ಓದುವುದಿಲ್ಲ; ಡಿಸ್ಕ್ ಡ್ರೈವ್ ಇರುವ ಪಿಎಸ್5 ಓದುತ್ತದೆ. ಚಿತ್ರದ ಅಳತೆ 1.37:1, ಹಾಗಾಗಿ ಟಿವಿಯ ಎರಡು ಪಕ್ಕ ಕಪ್ಪು ಪಟ್ಟಿ ಬರಲೇಬೇಕು. ಪರದೆ ತುಂಬಲಿ ಅಂತ ಝೂಮ್ ಒತ್ತಿದಿರೋ, ಮೇಲೂ ಕೆಳಗೂ ಕತ್ತರಿ ಬಿದ್ದು ಆ ಪಾದಗಳೇ ಅರ್ಧ ಮಾಯ.