ಅರ್ನೆಟ್‌ನಿಂದ ಎನ್‌ಕೆಎನ್‌ವರೆಗೆ: ಗೇಟಿನ ತನಕ ನಾಲ್ಕೂವರೆ ಸ್ಟಾರ್, ಒಳಗೆ ಎರಡು

ಇದು ದುಡ್ಡು ಕೊಟ್ಟು ಅಂಗಡಿಯಿಂದ ತರುವ ವಸ್ತುವಲ್ಲ. ರೀಚಾರ್ಜ್ ಪ್ಯಾಕ್ ಇಲ್ಲ, ಆಫರ್ ಇಲ್ಲ, ಜಾಹೀರಾತಂತೂ ಇಲ್ಲವೇ ಇಲ್ಲ. ನೀವು ವಿಶ್ವವಿದ್ಯಾಲಯದಲ್ಲೋ ಸಂಶೋಧನಾ ಸಂಸ್ಥೆಯಲ್ಲೋ ಇದ್ದರೆ ಇದನ್ನು ದಿನವೂ ಬಳಸುತ್ತಿರುವ ಸಾಧ್ಯತೆ ಜಾಸ್ತಿ, ಹೆಸರು ಮಾತ್ರ ಗೊತ್ತಿರಲ್ಲ. ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳನ್ನು ಜೋಡಿಸುವ ಸರ್ಕಾರದ ಇಂಟರ್‌ನೆಟ್ ಜಾಲ ಇದು: ನ್ಯಾಷನಲ್ ನಾಲೆಡ್ಜ್ ನೆಟ್‌ವರ್ಕ್, ಅಂದರೆ ಎನ್‌ಕೆಎನ್. ಅದಕ್ಕೂ ಹಿಂದಿನದು ಅರ್ನೆಟ್. ಎರಡನ್ನೂ ಬಳಸಿದವನು ನಾನು. ಮೊದಲು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ) ಭೌತಶಾಸ್ತ್ರದ ಸಂಶೋಧನಾ ವಿದ್ಯಾರ್ಥಿಯಾಗಿ, ಆಮೇಲೆ ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾಗಿ. ಮೊಬೈಲಿಗೂ ಮಿಕ್ಸಿಗೂ ಪುಟಗಟ್ಟಲೆ ವಿಮರ್ಶೆ ಬರೆಯುತ್ತಾರೆ. ದೇಶ ಸಾವಿರಾರು ಕೋಟಿ ಸುರಿದ ಇದಕ್ಕೆ ಯಾಕೆ ಯಾರೂ ಬರೆಯಲ್ಲ ಅನ್ನಿಸಿತು.

ಹಳೆಯದರಿಂದ ಶುರು ಮಾಡುತ್ತೇನೆ. ಹೊಸಬರಿಗೆ ಸ್ವಲ್ಪ ಬೋರ್ ಆದರೆ ಮುಂದಕ್ಕೆ ಹೋಗಿ.

ಅರ್ನೆಟ್ ಶುರುವಾಗಿದ್ದು 1986ರಲ್ಲಿ. ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆಯ ಯೋಜನೆ, ವಿಶ್ವಸಂಸ್ಥೆಯ ಯುಎನ್‌ಡಿಪಿಯ ನೆರವು. ಮೊದಲಿಗೆ ಇದ್ದದ್ದು ಎಂಟೇ ಜಾಗ: ದೆಹಲಿ, ಬಾಂಬೆ, ಕಾನ್ಪುರ, ಖರಗಪುರ, ಮದ್ರಾಸಿನ ಐದು ಐಐಟಿಗಳು, ಬೆಂಗಳೂರಿನ ನಮ್ಮ ಇನ್‌ಸ್ಟಿಟ್ಯೂಟು, ಬಾಂಬೆಯ ಸಾಫ್ಟ್‌ವೇರ್ ಸಂಶೋಧನಾ ಕೇಂದ್ರ ಎನ್‌ಸಿಎಸ್‌ಟಿ, ಜೊತೆಗೆ ಇಲಾಖೆಯ ಕಚೇರಿ. ಆಗ ಜನಸಾಮಾನ್ಯರಿಗೆ ಇಂಟರ್‌ನೆಟ್ ಅನ್ನುವುದೇ ಇರಲಿಲ್ಲ. ಆಗಿನ ಸರ್ಕಾರಿ ದೂರಸಂಪರ್ಕ ಕಂಪನಿ ವಿಎಸ್‌ಎನ್‌ಎಲ್ ಅದನ್ನು ಸಾರ್ವಜನಿಕರಿಗೆ ಕೊಟ್ಟಿದ್ದು 1995ರ ಆಗಸ್ಟ್ 15ರಂದು. ಅಲ್ಲಿಯ ತನಕ ನಮ್ಮಂಥವರಿಗೆ ಅರ್ನೆಟ್ಟೇ ಗತಿ. ಹಾಗಂತ ಬೇಸರವೇನೂ ಇರಲಿಲ್ಲ.

ವೇಗ ಕೇಳಿದರೆ ನಗುತ್ತೀರಿ. ಊರಿಂದ ಊರಿಗೆ ಹಾಕಿದ್ದ ಲೀಸ್ಡ್ ಲೈನು, ಅಂದರೆ ಬಾಡಿಗೆಗೆ ಪಡೆದ ಲೈನು, 9.6 ಕೆಬಿಪಿಎಸ್ (ಸೆಕೆಂಡಿಗೆ 9,600 ಬಿಟ್). ಎನ್‌ಸಿಎಸ್‌ಟಿಯಿಂದ ಅಮೆರಿಕಕ್ಕೆ ಇದ್ದ ಮೊದಲ ಲಿಂಕೂ ಅಷ್ಟೇ. ಲೆಕ್ಕ ಹಾಕಿ ನೋಡಿ: 1 ಎಂಬಿ ಫೈಲು ಬರಲು ಹದಿನಾಲ್ಕು ನಿಮಿಷ ಬೇಕು. ಅದೂ ಇಡೀ ಲೈನು ನಿಮಗೊಬ್ಬರಿಗೇ ಸಿಕ್ಕರೆ! 1 ಜಿಬಿ ಅಂದರೆ ಒಂಬತ್ತೂವರೆ ದಿನ. ಪುಣ್ಯಕ್ಕೆ ಆಗ 1 ಜಿಬಿ ಫೈಲು ಯಾರ ಹತ್ತಿರವೂ ಇರಲಿಲ್ಲ.

ಆದರೆ ಆ ಸಣ್ಣ ಲೈನು ಮಾಡಿದ ಕೆಲಸ ದೊಡ್ಡದು. 1991ರಲ್ಲಿ ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ಪ್ರಿಪ್ರಿಂಟುಗಳ, ಅಂದರೆ ಪತ್ರಿಕೆಯಲ್ಲಿ ಅಚ್ಚಾಗುವ ಮುಂಚಿನ ಸಂಶೋಧನಾ ಲೇಖನಗಳ, ಸಂಗ್ರಹ ಶುರುವಾಯಿತು. ಈಗ ಆರ್ಕೈವ್ ಅಂತ ಎಲ್ಲರಿಗೂ ಗೊತ್ತಿರುವುದು. ಆಗ ಅದು ನಡೆಯುತ್ತಿದ್ದದ್ದು ಇಮೇಲ್ ಮೇಲೆ. ಸಬ್ಜೆಕ್ಟ್ ಸಾಲಿನಲ್ಲಿ 'ಗೆಟ್' ಅಂತ ಹೊಡೆದು, ಮುಂದೆ ಲೇಖನದ ನಂಬರ್ ಹಾಕಿ ಕಳಿಸಿದರೆ ಆಯಿತು. ಆ ಕಡೆಯ ಕಂಪ್ಯೂಟರೇ ಲೇಖನವನ್ನು ವಾಪಸ್ ಮೇಲ್ ಮಾಡುತ್ತಿತ್ತು. ಬರುತ್ತಿದ್ದದ್ದು ಟೆಕ್ ಫೈಲು: ಸಮೀಕರಣಗಳನ್ನೂ ಕೀಬೋರ್ಡಿನ ಚಿಹ್ನೆಗಳಲ್ಲೇ ಬರೆದದ್ದು, ಬರೀ ಅಕ್ಷರ. ಹಾಗಾಗಿ 9.6ರ ಲೈನಿಗೂ ಅದು ಭಾರವಾಗುತ್ತಿರಲಿಲ್ಲ. ಟರ್ಮಿನಲ್ ರೂಮಿನ ಕಪ್ಪು ಪರದೆ ಮೇಲೆ ಹಸಿರು ಅಕ್ಷರಗಳಲ್ಲಿ ಸಮೀಕರಣಗಳು ಬ್ಯಾಕ್‌ಸ್ಲ್ಯಾಶು, ಡಾಲರ್ ಚಿಹ್ನೆಗಳ ಸಮೇತ ಉರುಳುತ್ತಿದ್ದವು. ಕೆಲವರಂತೂ ಪ್ರಿಂಟಿಗೂ ಕಾಯದೆ ಹಾಗೆಯೇ ಓದಿಬಿಡುತ್ತಿದ್ದರು.

ಅದಕ್ಕೂ ಮುಂಚೆ ಹೇಗಿತ್ತು ಗೊತ್ತಾ? ಪ್ರಿನ್ಸ್‌ಟನ್ನಿನಲ್ಲಿ ಯಾರೋ ಒಂದು ಲೇಖನ ಬರೆದರೆ ಅದರ ಪ್ರತಿ ಅಂಚೆಯಲ್ಲಿ ನಮಗೆ ತಲುಪುವಷ್ಟರಲ್ಲಿ ವಾರಗಟ್ಟಲೆ ಕಳೆದಿರುತ್ತಿತ್ತು. ಪತ್ರಿಕೆಯಲ್ಲಿ ಅಚ್ಚಾಗಿ ಲೈಬ್ರರಿಗೆ ಬರಲು ಇನ್ನೂ ತಿಂಗಳುಗಳು. ಅರ್ನೆಟ್ ಬಂದ ಮೇಲೆ ಅವರು ಓದಿದ ವಾರವೇ ನಾವೂ ಓದುವಂತಾಯಿತು. ಈಗಿನ ಗಿಗಾಬಿಟ್ ಲಿಂಕು ನನ್ನ ಕೆಲಸವನ್ನು ಸುಲಭ ಮಾಡಿದೆ, ನಿಜ. ಆದರೆ ಕೆಲಸದ ರೀತಿಯನ್ನೇ ಬದಲಾಯಿಸಿದ್ದು ಆ ಆಮೆ ವೇಗದ ಲೈನು.

ಮಧ್ಯದ ಕಾಲವನ್ನು ಬೇಗ ಮುಗಿಸುತ್ತೇನೆ. ಲೈನುಗಳು 64 ಕೆಬಿಪಿಎಸ್‌ಗೆ ಏರಿದವು. ದೂರದ ಊರುಗಳಿಗೆ ಉಪಗ್ರಹದ ಮೂಲಕ ಸಂಪರ್ಕ ಕೊಡುವ ವಿಸ್ಯಾಟ್ ಡಿಶ್ ಬಂತು. ಉಪಗ್ರಹ ಇರುವುದು 36,000 ಕಿಲೋಮೀಟರ್ ಮೇಲೆ, ಅಲ್ವಾ? ದೂರದ ಕಂಪ್ಯೂಟರನ್ನು ಇಲ್ಲಿಂದಲೇ ಬಳಸುವ ಟೆಲ್‌ನೆಟ್‌ನಲ್ಲಿ ಒಂದು ಅಕ್ಷರ ಒತ್ತಿದರೆ ಅದು ಪರದೆ ಮೇಲೆ ಮೂಡಲು ಅರ್ಧ ಸೆಕೆಂಡಿಗಿಂತ ಜಾಸ್ತಿ ಹಿಡಿಯುತ್ತಿತ್ತು. ಬೆರಳು ಮುಂದೆ ಓಡುತ್ತಿತ್ತು, ಅಕ್ಷರ ಹಿಂದಿನಿಂದ ಬರುತ್ತಿತ್ತು. 1998ರಲ್ಲಿ ಅರ್ನೆಟ್ ಇಂಡಿಯಾ ಸ್ವಾಯತ್ತ ಸೊಸೈಟಿ ಆಯಿತು. ಆಮೇಲೆ ಯುಜಿಸಿ-ಇನ್ಫೋನೆಟ್ ಬಂದು ವಿಶ್ವವಿದ್ಯಾಲಯಗಳಿಗೂ ಲಿಂಕು, ಇ-ಜರ್ನಲ್‌ಗಳು ಸಿಕ್ಕವು. ಒಂದು ಸಣ್ಣ ವಿಷಯ: ಕಾಲೇಜುಗಳ ವಿಳಾಸದ ಕೊನೆಗೆ ಎಸಿ ಡಾಟ್ ಇನ್ ಅಂತ ಇರುತ್ತಲ್ಲ, ಆ ಹೆಸರುಗಳನ್ನು ನೋಂದಾಯಿಸುವುದು ಇವತ್ತಿಗೂ ಅರ್ನೆಟ್ಟೇ.

ಈಗ ಎನ್‌ಕೆಎನ್. 2010ರ ಮಾರ್ಚಿನಲ್ಲಿ ಕೇಂದ್ರ ಇದಕ್ಕೆ ಒಪ್ಪಿಗೆ ಕೊಟ್ಟಿತು. ಹತ್ತು ವರ್ಷಕ್ಕೆ 5,990 ಕೋಟಿ ರೂಪಾಯಿ. ಕಟ್ಟುವ ಹೊಣೆ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆ ಎನ್‌ಐಸಿಯದು. ಐಐಟಿ, ವಿಶ್ವವಿದ್ಯಾಲಯ, ಪ್ರಯೋಗಾಲಯ ಎಲ್ಲ ಸೇರಿ 1,500 ಸಂಸ್ಥೆಗಳನ್ನು ಜೋಡಿಸುವುದು ಗುರಿ. ನಮ್ಮ ಕ್ಯಾಂಪಸ್ಸಿಗೂ 1 ಜಿಬಿಪಿಎಸ್ ಫೈಬರ್ ಬಂತು. ಮೊದಲ ಸಲ ಕಂಪ್ಯೂಟರ್ ಸೆಂಟರಿನಲ್ಲಿ ಕೂತು ದೊಡ್ಡದೊಂದು ಡೇಟಾ ಫೈಲು ಇಳಿಸಿದಾಗ, ಚಹಾ ತರಿಸೋಣ ಅನ್ನುವಷ್ಟರಲ್ಲಿ ಮುಗಿದೇಹೋಯಿತು.

ಸುಮ್ನೆ ವೇಗದ ಮಾತಲ್ಲ ಇದು. ಯುರೋಪಿನ ಸರ್ನ್ ಪ್ರಯೋಗಾಲಯದಲ್ಲಿ ಕಣಗಳನ್ನು ಡಿಕ್ಕಿ ಹೊಡೆಸುವ ಎಲ್‌ಎಚ್‌ಸಿ ಪ್ರಯೋಗದ ಡೇಟಾ ಮುಂಬೈನ ಟಿಐಎಫ್‌ಆರ್, ಕೋಲ್ಕತ್ತಾದ ವಿಇಸಿಸಿಯಂಥ ಸಂಶೋಧನಾ ಸಂಸ್ಥೆಗಳಿಗೆ ಬರಬೇಕು. ಅದನ್ನು ಮಾಮೂಲಿ ಬ್ರಾಡ್‌ಬ್ಯಾಂಡ್ ಮೇಲೆ ತರುವುದು ಆಗದ ಮಾತು. ಮನೆ ಬ್ರಾಡ್‌ಬ್ಯಾಂಡನ್ನು ಹಂಚಿಕೊಳ್ಳುವ ಲೆಕ್ಕದಲ್ಲೇ ಮಾರುತ್ತಾರೆ, ಎಲ್ಲರೂ ಒಟ್ಟಿಗೆ ಬಳಸಲ್ಲ ಅನ್ನುವ ನಂಬಿಕೆ ಮೇಲೆ. ಸಂಶೋಧನಾ ಜಾಲಕ್ಕೆ ಆ ಲೆಕ್ಕ ಹೊಂದಲ್ಲ. ಇಲ್ಲಿ ರಾತ್ರಿಯಿಡೀ ಒಬ್ಬನೇ ಟೆರಾಬೈಟುಗಟ್ಟಲೆ ಎಳೆಯುತ್ತಾನೆ, ಮಾರನೆಯ ದಿನ ಒಂದು ಬಿಟ್ಟೂ ಇಲ್ಲ. ಮತ್ತೆ, ಕಳಿಸುವ ವೇಗವೂ ಇಳಿಸುವ ವೇಗವೂ ಒಂದೇ ಇರಬೇಕು. ಎನ್‌ಕೆಎನ್ ಇದನ್ನು ಸರಿಯಾಗಿ ಮಾಡಿದೆ.

ಹಾಗಾದರೆ ದೂರು ಏನು? ಗೇಟಿನ ಒಳಗಿನದು.

ಊರ ತುದಿಯ ಟ್ಯಾಂಕಿಗೆ ಕಾವೇರಿ ನೀರು ಬಂದರೂ ಮನೆ ನಲ್ಲಿಯಲ್ಲಿ ಹನಿ ಬೀಳಲ್ಲ ಅನ್ನುವಂಥ ಕತೆ ನಮ್ಮದು. ಫೈಬರ್ ಬಂದು ನಿಂತಿದ್ದು ಕಂಪ್ಯೂಟರ್ ಸೆಂಟರಿನ ರ‍್ಯಾಕಿನಲ್ಲಿ. ಅಲ್ಲಿಂದ ನಮ್ಮ ವಿಭಾಗಕ್ಕೆ ಹೋಗುವ ದಾರಿಯಲ್ಲಿ, ಮೆಟ್ಟಿಲ ಕೆಳಗೆ, ಹಳೇ ಉತ್ತರ ಪತ್ರಿಕೆಗಳ ಮೂಟೆಗಳ ಪಕ್ಕ ಒಂದು ಸ್ವಿಚ್ಚು, ಅಂದರೆ ಒಂದು ಲೈನನ್ನು ಹಲವು ಕೇಬಲ್‌ಗಳಿಗೆ ಹಂಚುವ ಪೆಟ್ಟಿಗೆ. ಬದಲಾಯಿಸುವ ತನಕ ಅದು 100 ಎಂಬಿಪಿಎಸ್‌ನದ್ದಾಗಿತ್ತು. ಅದರ ಹಿಂದೆ ಇನ್ನೊಂದು, ಅದಕ್ಕೆ ಯಾರೋ ಸಿಕ್ಕಿಸಿದ ಮತ್ತೊಂದು. ಧೂಳಲ್ಲಿ ಮಿಣುಕುವ ಹಸಿರು ದೀಪ ನೋಡಿ ಎಲ್ಲರೂ 'ನೆಟ್ ಇದೆ' ಅನ್ನುತ್ತಾರೆ. ಕೊನೆಗೆ ನನ್ನ ಮೇಜಿಗೆ ತಲುಪುವುದು ಮಧ್ಯಾಹ್ನದ ಹೊತ್ತು 4 ಎಂಬಿಪಿಎಸ್. ಸೆಂಟರಿಗೆ ಫೋನ್ ಮಾಡಿದರೆ ಒಂದೇ ಉತ್ತರ: "ಸಾರ್, ಲಿಂಕ್ ಅಪ್ ಇದೆ. ನಿಮ್ಮ ಕಡೆಯೇ ಏನೋ ಪ್ರಾಬ್ಲಂ." ಅವರು ಹೇಳಿದ್ದು ಸುಳ್ಳಲ್ಲ, ಅದೇ ಸಂಕಟ.

ಹೆಸರು ಹೇಳಲ್ಲ, ಯಾಕೆಂದರೆ ಇದು ನಮ್ಮ ಒಬ್ಬರ ಕತೆಯಲ್ಲ. ಬೇರೆ ಕಡೆಯ ಸ್ನೇಹಿತರನ್ನು ಕೇಳಿದರೂ ಇದೇ ರಾಗ. ಹೊರಗಿನ ಲಿಂಕಿಗೆ ಕೇಂದ್ರದ ದುಡ್ಡು ಬರುತ್ತದೆ, ಉದ್ಘಾಟನೆ ಆಗುತ್ತದೆ, ಫೋಟೋ ಬರುತ್ತದೆ. ಒಳಗಿನ ಕೇಬಲ್, ಸ್ವಿಚ್ಚು, ನೋಡಿಕೊಳ್ಳುವ ಒಬ್ಬ ಪರ್ಮನೆಂಟ್ ಎಂಜಿನಿಯರ್, ಇದಕ್ಕೆಲ್ಲ ಬಜೆಟ್ಟಿನಲ್ಲಿ ಜಾಗ ಹುಡುಕಬೇಕು. ಗುತ್ತಿಗೆಯ ಹುಡುಗ ಕೆಲಸ ಕಲಿಯುವ ಹೊತ್ತಿಗೆ ಬೆಂಗಳೂರಿನಲ್ಲಿ ಎರಡರಷ್ಟು ಸಂಬಳ ಸಿಕ್ಕು ಹೋಗಿರುತ್ತಾನೆ. ಅವನದೇನು ತಪ್ಪು?

ಇನ್ನು ರಸ್ತೆ ಅಗೆತ. ಮುಖ್ಯ ಜಾಲದ ನಡುಭಾಗದಲ್ಲಿ ಒಂದು ದಾರಿ ಕಡಿದರೆ ಇನ್ನೊಂದು ಇರುತ್ತದೆ. ನಮ್ಮ ಗೇಟಿಗೆ ಬರುವುದು ಮಾತ್ರ ಒಂದೇ ಕೇಬಲ್. ಜೆಸಿಬಿ ಅದನ್ನು ಕಿತ್ತರೆ ಕತೆ ಮುಗಿಯಿತು, ಮೊಬೈಲ್ ಹಾಟ್‌ಸ್ಪಾಟೇ ಗತಿ. ಗುಂಡಿ ತೋಡಿದವರು ಒಬ್ಬರು, ಕೇಬಲ್ ಎಳೆದವರು ಇನ್ನೊಬ್ಬರು, ಬೈಗುಳ ತಿನ್ನುವುದು ಮಾತ್ರ ಕಂಪ್ಯೂಟರ್ ಸೆಂಟರ್.

ಕಾಲೇಜುಗಳ ಸ್ಥಿತಿ ಇನ್ನೂ ತೆಳುವಾಗಿದೆ. ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಮೂಲಕ ಶಿಕ್ಷಣದ ರಾಷ್ಟ್ರೀಯ ಮಿಷನ್ 2009ರಲ್ಲಿ ಶುರುವಾದಾಗ ವಿಶ್ವವಿದ್ಯಾಲಯಕ್ಕೆ 1 ಜಿಬಿಪಿಎಸ್, ಕಾಲೇಜಿಗೆ 512 ಕೆಬಿಪಿಎಸ್‌ನ ಒಂದಿಷ್ಟು ಸಂಪರ್ಕ ಅಂತ ಲೆಕ್ಕ ಇಟ್ಟಿದ್ದರು. ಎಂ.ಎಸ್ಸಿ. ಹುಡುಗರಿಗೆ ಒಂದು ಲೋಕ, ಬಿ.ಎಸ್ಸಿ. ಹುಡುಗರಿಗೆ ಇನ್ನೊಂದು. ನನ್ನ ಪ್ರಕಾರ ಇಡೀ ಯೋಜನೆಯಲ್ಲಿ ಸೊರಗಿದ ಜಾಗ ಇದೇ.

ವೇಗ ಬಿಟ್ಟು ಇದರ ಜೊತೆ ಬಂದ ಸೌಲಭ್ಯಗಳನ್ನೂ ಹೇಳಬೇಕು. ಜರ್ನಲ್ಲುಗಳು ಕ್ಯಾಂಪಸ್ಸಿನ ಐಪಿ ವಿಳಾಸ (ಜಾಲದಲ್ಲಿ ಅದರ ಗುರುತಿನ ಸಂಖ್ಯೆ) ನೋಡಿಯೇ ಬಾಗಿಲು ತೆಗೆಯುತ್ತವೆ, ಪಾಸ್‌ವರ್ಡ್ ಬೇಡ. ಚೆನ್ನಾಗಿದೆ, ಆದರೆ 2020ರ ಲಾಕ್‌ಡೌನ್‌ನಲ್ಲಿ ಎಲ್ಲರೂ ಮನೆಯಲ್ಲಿ ಕೂತಾಗ ಬಾಗಿಲು ಮುಚ್ಚಿಹೋಯಿತು. ಆಗ ಕೈಹಿಡಿದಿದ್ದು ಗಾಂಧಿನಗರದಲ್ಲಿರುವ ಯುಜಿಸಿಯ ಗ್ರಂಥಾಲಯ ಜಾಲ ಕೇಂದ್ರ ಇನ್‌ಫ್ಲಿಬ್‌ನೆಟ್ ನಡೆಸುವ ಇನ್‌ಫೆಡ್ ಲಾಗಿನ್. ಸಂಸ್ಥೆಯ ಐಡಿ ಹಾಕಿದರೆ ಮನೆಯಿಂದಲೂ ಓದಬಹುದು. ಈಗ 2025ರ ಜನವರಿಯಿಂದ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಬಂದಿದೆ: 30 ಪ್ರಕಾಶಕರು, ಸುಮಾರು 13,000 ಜರ್ನಲ್‌ಗಳು, ಮೂರು ವರ್ಷಕ್ಕೆ 6,000 ಕೋಟಿ. ಸರ್ಕಾರಿ ಕಾಲೇಜಿನ ಮೇಷ್ಟ್ರಿಗೂ ಐಐಟಿಯವರು ಓದುವ ಪತ್ರಿಕೆಯೇ ಸಿಗುವುದು ಸಣ್ಣ ವಿಷಯವಲ್ಲ.

ಎಡುರೋಮ್ ನನಗೆ ಬಲು ಇಷ್ಟ: ನಮ್ಮ ಸಂಸ್ಥೆಯ ಐಡಿಯಿಂದಲೇ ಬೇರೆ ವಿಶ್ವವಿದ್ಯಾಲಯಗಳ ವೈಫೈ ಬಳಸುವ ವ್ಯವಸ್ಥೆ. ನಮ್ಮ ದೇಶದಲ್ಲಿ ಅದನ್ನು ನೋಡಿಕೊಳ್ಳುವುದೂ ಅರ್ನೆಟ್. ಫೋನಿನಲ್ಲಿ ಒಮ್ಮೆ ಸೆಟ್ ಮಾಡಿದರೆ ಸಾಕು. ಜರ್ಮನಿಯ ಒಂದು ವಿಶ್ವವಿದ್ಯಾಲಯಕ್ಕೆ ಹೋಗಿದ್ದಾಗ ಟ್ರಾಮ್ ಇಳಿದು ಅಂಗಳಕ್ಕೆ ಕಾಲಿಡುತ್ತಿದ್ದಂತೆ ಫೋನು ತಾನೇ ವೈಫೈ ಹಿಡಿಯಿತು. ಕೂಪನ್ ಕೇಳಬೇಕಿಲ್ಲ, ಒಟಿಪಿ ಇಲ್ಲ. ಊರಿಗೆ ಬಂದು ನಮ್ಮದೇ ಅತಿಥಿಗೃಹದಲ್ಲಿ ಮಾತ್ರ ರಿಜಿಸ್ಟರ್‌ಗೆ ಸಹಿ ಹಾಕಿ ಪಾಸ್‌ವರ್ಡ್ ಚೀಟಿ ಇಸಿದುಕೊಂಡೆ.

ಅಂಕ ಹೀಗೆ: ಹಳೇ ಅರ್ನೆಟ್‌ಗೆ, ಆ ಕಾಲಕ್ಕೆ, ಐದಕ್ಕೆ ಐದು. ಎನ್‌ಕೆಎನ್‌ಗೆ ಗೇಟಿನ ತನಕ ನಾಲ್ಕೂವರೆ. ಗೇಟಿನಿಂದ ಮೇಜಿನ ತನಕ ಎರಡು, ಅದೂ ಕರುಣೆಯಿಂದ.

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಒಂದು ಮಾತು. ನೆಟ್ ನಿಧಾನ ಅಂತ ಬೈಯುವ ಮುಂಚೆ ಲ್ಯಾಪ್‌ಟಾಪ್ ಹೊತ್ತುಕೊಂಡು ಕಂಪ್ಯೂಟರ್ ಸೆಂಟರಿಗೆ ಹೋಗಿ, ಕೇಬಲ್ ಸಿಕ್ಕಿಸಿ ಸ್ಪೀಡ್ ನೋಡಿ. ಆಮೇಲೆ ನಿಮ್ಮ ರೂಮಿನಲ್ಲಿ ಕೇಬಲ್ ಹಾಕಿ, ಕೊನೆಗೆ ವೈಫೈನಲ್ಲಿ ನೋಡಿ. ಮೂರು ಸಂಖ್ಯೆಗಳನ್ನೂ ಒಂದೇ ಹಾಳೆಯಲ್ಲಿ ಬರೆದು ಅರ್ಜಿಗೆ ಲಗತ್ತಿಸಿ. ನಮ್ಮ ಮೆಟ್ಟಿಲ ಕೆಳಗಿನ ಸ್ವಿಚ್ಚು ಬದಲಾಗಿದ್ದು ಹಾಗೆಯೇ. ಅದರ ಹಿಂದಿನ ಎರಡು ಇನ್ನೂ ಬಾಕಿ ಇವೆ, ಫೈಲು ಹಣಕಾಸು ವಿಭಾಗದಲ್ಲಿದೆ.