ಮಳೆಗಾಲದ ತೋಟದ ದಾರಿಗೆ ಜಿಪ್ಸಿಯೋ, ಥಾರೋ?

ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆ ಕಡೆ ಕಾಫಿ ತೋಟ ಇರುವ ಮನೆಗಳಲ್ಲಿ ಗಾಡಿಯ ಮಾತು ಎಲ್ಲಿಂದ ಶುರುವಾದರೂ ಬಂದು ನಿಲ್ಲುವುದು ಇಲ್ಲಿಗೇ: ಶೆಡ್ಡಿನಲ್ಲಿರುವ ಹಳೇ ಮಾರುತಿ ಜಿಪ್ಸಿಗೆ ಇನ್ನೊಂದು ಸಲ ದುಡ್ಡು ಸುರಿಯುವುದೋ, ಅದನ್ನು ಕೊಟ್ಟು ಮಹೀಂದ್ರಾ ಥಾರ್ ತರುವುದೋ? ನಡುವೆ ಮಾರುತಿಯದೇ ಜಿಮ್ನಿ ಎಂಬ ಮೂರನೆಯ ದಾರಿಯೂ ಇದೆ. ಶೋರೂಮಿನ ಹೊರಗಿನ ಟಾರು ರಸ್ತೆಯಲ್ಲಿ ಓಡಿಸಿ ನೋಡಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಜುಲೈ ತಿಂಗಳಲ್ಲಿ, ನಾಲ್ಕು ದಿನ ಬಿಡದೆ ಮಳೆ ಹೊಡೆದ ಮೇಲೆ, ಪಿಕಪ್ ಗಾಡಿಗಳು ಕೊರೆದ ಕೆಂಪು ಮಣ್ಣಿನ ಏರಿನಲ್ಲಿ, ಒಂದರ ಹಿಂದೆ ಒಂದನ್ನು ಅದೇ ದಾರಿಯಲ್ಲಿ ಬಿಟ್ಟು ನೋಡಬೇಕು. ಕೆಳಗೆ ಬರೆದಿರುವುದು ಅಂಥ ದಾರಿಗಳ ಲೆಕ್ಕ.

ಹೋಲಿಕೆಗೆ ಇಟ್ಟುಕೊಂಡದ್ದು ಜಿಪ್ಸಿ ಕಿಂಗ್ ಎಂಪಿಎಫ್‌ಐ, 2020ರ ಮಾದರಿಯ ಥಾರ್ ಡೀಸೆಲ್ ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಬಲ ಹೋಗುವ ಗಾಡಿ) ಮತ್ತು 2023ರಲ್ಲಿ ಬಂದ ಐದು ಬಾಗಿಲಿನ ಜಿಮ್ನಿ. ಜಿಪ್ಸಿಯದು 1298 ಸಿಸಿ ಪೆಟ್ರೋಲ್ ಎಂಜಿನ್, 80 ಬಿಎಚ್‌ಪಿ, ಟಾರ್ಕ್ ಬರೀ 103 ಎನ್‌ಎಂ. ಆದರೆ ಸಾಫ್ಟ್‌ಟಾಪ್ ಗಾಡಿಯ ತೂಕ 985 ಕೆಜಿ ಮಾತ್ರ. ಥಾರ್‌ನದು 2.2 ಲೀಟರ್ ಡೀಸೆಲ್, 130 ಬಿಎಚ್‌ಪಿ, 300 ಎನ್‌ಎಂ, ತೂಕ 1,750 ಕೆಜಿ ಆಸುಪಾಸು. ಜಿಮ್ನಿ 1462 ಸಿಸಿ, 134 ಎನ್‌ಎಂ, ತೂಕ ಸುಮಾರು 1,200 ಕೆಜಿ. ಅಗಲ ನೋಡಿದರೆ ಜಿಪ್ಸಿ 1540 ಮಿ.ಮೀ., ಜಿಮ್ನಿ 1645, ಥಾರ್ 1820. ಬ್ರೋಷರ್ ಹಿಡಿದವರು ಬಿಎಚ್‌ಪಿ ನೋಡುತ್ತಾರೆ. ತೋಟದ ದಾರಿಗೆ ಮುಖ್ಯವಾದ ಅಂಕಿಗಳು ತೂಕ ಮತ್ತು ಅಗಲ.

ಕಾರಣ ಮಣ್ಣಿನಲ್ಲೇ ಇದೆ. ಜಲ್ಲಿ, ಮರಳು, ಬಂಡೆಯ ಮೇಲೆ ಗಾಡಿ ಭಾರವಾದಷ್ಟೂ ಟಯರಿನ ಹಿಡಿತವೂ ಹೆಚ್ಚುತ್ತದೆ. ಹಾಗಾಗಿ ಅಲ್ಲಿ ಭಾರದ ಗಾಡಿಗೆ ನಷ್ಟವಿಲ್ಲ. ನೀರು ಕುಡಿದ ಜೇಡಿಮಣ್ಣಿನ ಗುಣ ಬೇರೆ. ಅಲ್ಲಿ ಹಿಡಿತ ನಿಂತಿರುವುದು ಟಯರು ಎಷ್ಟು ಜಾಗದಲ್ಲಿ ಮಣ್ಣಿಗೆ ತಾಗಿದೆ ಅನ್ನುವುದರ ಮೇಲೆ. ಮೇಲಿಂದ ಎಷ್ಟು ಭಾರ ಹೇರಿದರೂ ಹಿಡಿತ ಬೆಳೆಯುವುದಿಲ್ಲ. ಇಳಿಜಾರಿನಲ್ಲಿ ಕೆಳಗೆ ಎಳೆಯುವ ಬಲ ಮಾತ್ರ ತೂಕದ ಜೊತೆಗೇ ಬೆಳೆಯುತ್ತದೆ. 15 ಡಿಗ್ರಿ ಇಳಿಜಾರಿನಲ್ಲಿ ಖಾಲಿ ಜಿಪ್ಸಿಯನ್ನು ಕೆಳಗೆ ಎಳೆಯುವುದು 255 ಕೆಜಿಯಷ್ಟು ಬಲ, ಥಾರನ್ನು ಎಳೆಯುವುದು 450 ಕೆಜಿಯಷ್ಟು. ಥಾರ್‌ನ ಟಯರು ಅಗಲ ತಾನೇ ಅನ್ನಬಹುದು. ಹೌದು, 255 ಮಿ.ಮೀ. ಆದರೂ ಪ್ರತಿ ಚಕ್ರದ ಭಾರವನ್ನು ಟಯರಿನ ಅಗಲಕ್ಕೆ ಹಂಚಿ ನೋಡಿದರೆ 205ರ ಟಯರಿನ ಜಿಪ್ಸಿಗೆ ಸೆಂಟಿಮೀಟರಿಗೆ 12 ಕೆಜಿ, 195ರ ಟಯರಿನ ಜಿಮ್ನಿಗೆ 15, ಥಾರ್‌ಗೆ 17. ಥಾರ್ ಹೂತುಕೊಳ್ಳುವ ಜಾಗದಲ್ಲಿ ಜಿಪ್ಸಿ ಮೇಲೆಮೇಲೆ ತೇಲಿಕೊಂಡು ಹೋಗುವುದರಲ್ಲಿ ಮಾಯಮಂತ್ರವೇನೂ ಇಲ್ಲ.

ಈ ಕೊರತೆಯನ್ನು ಸ್ವಲ್ಪ ಮಟ್ಟಿಗೆ ಗಾಳಿ ಇಳಿಸಿ ತುಂಬಿಕೊಳ್ಳಬಹುದು. ಕೆಸರಿಗೆ ಇಳಿಯುವ ಮೊದಲು ಜಿಪ್ಸಿಗೆ 16ರಿಂದ 18 ಪಿಎಸ್‌ಐ, ಜಿಮ್ನಿಗೆ 18, ಥಾರ್‌ಗೆ 20ರಿಂದ 22. ಇದಕ್ಕಿಂತ ಇಳಿಸಿದರೆ ತಿರುವಿನಲ್ಲಿ ಟಯರಿನ ಅಂಚು ರಿಮ್ಮಿನಿಂದ ಕಳಚುತ್ತದೆ. ಕೆಸರಿನ ಮಧ್ಯೆ ಟ್ಯೂಬ್‌ಲೆಸ್ ಟಯರನ್ನು ಮತ್ತೆ ಕೂರಿಸುವುದು ಯಾರಿಗೂ ಬೇಡದ ಕೆಲಸ. ಡಾಂಬರು ಸಿಕ್ಕಿದ ಕೂಡಲೇ ಮತ್ತೆ ಗಾಳಿ ತುಂಬಬೇಕು. 12 ವೋಲ್ಟಿನ ಚಿಕ್ಕ ಕಂಪ್ರೆಸರ್ ಗಾಡಿಯಲ್ಲೇ ಇರಲಿ.

ಇನ್ನೊಂದು ಮದ್ದು ಮಲೆನಾಡಿನದ್ದೇ, ಚಕ್ರಕ್ಕೆ ಚೈನು. ಹಳೇ ಮಹೀಂದ್ರಾ ಜೀಪುಗಳು ಮಳೆಗಾಲ ಕಳೆದದ್ದೇ ಅದರ ಬಲದಲ್ಲಿ. 6.00-16ರ ಕಿರಿದಾದ ಟಯರು ಮೇಲಿನ ಕೆಸರನ್ನು ಸೀಳಿ ಕೆಳಗಿನ ಗಟ್ಟಿ ನೆಲ ಮುಟ್ಟುತ್ತದೆ, ಚೈನು ಅಲ್ಲಿ ಕಚ್ಚುತ್ತದೆ. ಜಿಪ್ಸಿಗೂ ನಾಲ್ಕೂ ಚಕ್ರಕ್ಕೆ ಕಟ್ಟಬಹುದು, ಸುತ್ತ ಜಾಗವಿದೆ. ಥಾರ್‌ಗೆ ಹಿಂಚಕ್ರಕ್ಕೆ ಮಾತ್ರ ಕಟ್ಟಿ. ಮುಂದೆ ಸಸ್ಪೆನ್ಷನ್ ತೋಳು, ಬ್ರೇಕ್ ಹೋಸು, ಎಬಿಎಸ್ ಸೆನ್ಸರಿನ ವೈರು ಎಲ್ಲ ಚಕ್ರಕ್ಕೆ ಹತ್ತಿರ ಇವೆ. ಒಂದು ಕೊಂಡಿ ಬಿಚ್ಚಿಕೊಂಡು ಬೀಸಿದರೆ ವೈರು ತುಂಡಾಗುತ್ತದೆ, ಆಮೇಲೆ ಡ್ಯಾಶ್‌ಬೋರ್ಡಿನಲ್ಲಿ ದೀಪಾವಳಿ. ಯಾವ ಗಾಡಿಗೇ ಕಟ್ಟಿದರೂ ನೂರು ಮೀಟರ್ ಓಡಿಸಿ, ಇಳಿದು ಇನ್ನೊಮ್ಮೆ ಬಿಗಿಯಬೇಕು. ಮೊದಲ ಬಿಗಿತ ಯಾವತ್ತೂ ಸಡಿಲವೇ.

ಏರಿನಲ್ಲಿ ಚಾಲನೆಯ ರೀತಿಯೇ ಬೇರೆ ಬೇರೆ. ಜಿಪ್ಸಿಯ ಎಂಜಿನ್ನಿಗೆ ಕೆಳಗಿನ ಆರ್‌ಪಿಎಂನಲ್ಲಿ ದಮ್ಮಿಲ್ಲ. ಲೋ ರೇಂಜ್ (ನಿಧಾನ ವೇಗ, ಹೆಚ್ಚು ಎಳೆತಕ್ಕಿರುವ ಫೋರ್ ವೀಲ್ ಗೇರು), ಎರಡನೇ ಗೇರು, ಎಂಜಿನ್ನು ಕೂಗುತ್ತಲೇ ಇರಬೇಕು. ನಡುದಾರಿಯಲ್ಲಿ ಕ್ಲಚ್ ತುಳಿದರೆ ಅಲ್ಲಿಗೆ ಮುಗಿಯಿತು. ಥಾರ್‌ನ ಡೀಸೆಲ್ಲಿನಲ್ಲಿ 1600 ಆರ್‌ಪಿಎಂಗೇ ಪೂರ್ತಿ ಟಾರ್ಕ್ ಬಂದುಬಿಡುತ್ತದೆ. ಜಾರುವ ಮಣ್ಣಿನಲ್ಲಿ ಅದೇ ತೊಂದರೆ. ಲೋ ಒಂದನೇ ಗೇರಿನಲ್ಲಿ ಹೊರಟರೆ ನಾಲ್ಕೂ ಚಕ್ರ ಒಟ್ಟಿಗೆ ಕಿತ್ತುಕೊಂಡು ತಿರುಗುತ್ತವೆ. ಎರಡನೇ ಗೇರಿನಲ್ಲಿ, ಆಕ್ಸಿಲರೇಟರ್ ಮುಟ್ಟಿಯೂ ಮುಟ್ಟದ ಹಾಗೆ ಹೊರಡಿ.

ಇಷ್ಟು ಕೇಳಿ ಥಾರ್ ಪ್ರಯೋಜನವಿಲ್ಲ ಅಂದುಕೊಳ್ಳಬೇಡಿ. ಎದುರುಬದುರು ಗುಂಡಿಯಲ್ಲಿ, ಅಂದರೆ ಎಡ ಮುಂಚಕ್ರ ಮತ್ತು ಬಲ ಹಿಂಚಕ್ರ ಒಟ್ಟಿಗೆ ಗಾಳಿಯಲ್ಲಿ ನೇತಾಡುವ ಜಾಗದಲ್ಲಿ, ಜಿಪ್ಸಿ ಅಲ್ಲೇ ನಿಲ್ಲುತ್ತದೆ. ಅದಕ್ಕೆ ಎಡ ಬಲ ಚಕ್ರಗಳನ್ನು ಒಟ್ಟಿಗೆ ತಿರುಗುವಂತೆ ಕಟ್ಟುವ ಡಿಫರೆನ್ಷಿಯಲ್ ಲಾಕ್ ಇಲ್ಲ. ಸ್ಪ್ರಿಂಗ್ ಪ್ಲೇಟುಗಳು ಗಡುಸು, ಚಕ್ರ ಕೆಳಗೆ ಇಳಿಯುವುದೂ ಕಡಿಮೆ. ಥಾರ್‌ನ ಕೆಲವು ಮಾದರಿಗಳಲ್ಲಿ ಹಿಂದಿನ ಆಕ್ಸಲ್ಲಿಗೆ ತಾನಾಗಿ ಬೀಳುವ ಮೆಕ್ಯಾನಿಕಲ್ ಲಾಕ್ ಇದೆ. ಒಂದು ಹಿಂಚಕ್ರ ಇನ್ನೊಂದಕ್ಕಿಂತ ಸುಮಾರು 100 ಆರ್‌ಪಿಎಂ ಹೆಚ್ಚು ತಿರುಗಿದಾಗ ಅದು ಬೀಳುತ್ತದೆ. ಹೊಸಬರು ಎಡವುವುದು ಇಲ್ಲೇ. ಚಕ್ರ ಗಿರ್ರೆಂದ ತಕ್ಷಣ ಹೆದರಿ ಕಾಲು ತೆಗೆಯುತ್ತಾರೆ, ಲಾಕಿಗೆ ಬೇಕಾದ ವೇಗವೇ ಬರುವುದಿಲ್ಲ. ಕಾಲನ್ನು ಅಲುಗಾಡಿಸದೆ ಒಂದೇ ಹದದಲ್ಲಿ ಒತ್ತಿ ಹಿಡಿಯಿರಿ. ಹಿಂದಿನಿಂದ ‘ಟಕ್’ ಎಂಬ ಸದ್ದು ಬರುತ್ತದೆ, ಗಾಡಿ ಒಂದು ಸಲ ಕುಲುಕಿ ಮುಂದೆ ಹೆಜ್ಜೆ ಇಡುತ್ತದೆ. ಜಿಮ್ನಿಯಲ್ಲಿ ಈ ಲಾಕ್ ಇಲ್ಲ. ಅದು ಗಾಳಿಯಲ್ಲಿ ತಿರುಗುವ ಚಕ್ರಕ್ಕೆ ಬ್ರೇಕ್ ಹಿಡಿದು ಬಲವನ್ನು ಆಚೆ ಚಕ್ರಕ್ಕೆ ದಾಟಿಸುತ್ತದೆ. ಅಲ್ಲೂ ಕಾಲು ಸ್ಥಿರವಾಗಿರಬೇಕು. ಒಂದೇ ಗುಂಡಿಯಲ್ಲಿ ಐದಾರು ಸಲ ಹೆಣಗಿಸಿದರೆ ಬ್ರೇಕು ಕಾಯುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಮುಂದುವರಿಸಿ.

ಚಕ್ರದ ಜಾಡಿನ ವಿಷಯದಲ್ಲಿ ಒಂದು ತಮಾಷೆ ಇದೆ. ಜಿಪ್ಸಿಯ ಎಡ ಬಲ ಚಕ್ರಗಳ ನಡುವೆ ಸುಮಾರು 1.3 ಮೀಟರ್, ಥಾರ್‌ನದು ಒಂದೂವರೆ ಮೀಟರಿಗೂ ತುಸು ಹೆಚ್ಚು. ತೋಟದ ದಾರಿಯನ್ನು ಕೊರೆಯುವುದು ಗೊಬ್ಬರ, ಕಾಫಿ ಹೊರುವ ಪಿಕಪ್ಪು ಮತ್ತು ಟ್ರ್ಯಾಕ್ಟರು. ಅವುಗಳ ಜಾಡಿಗೆ ಥಾರ್ ಸರಿಯಾಗಿ ಕೂರುತ್ತದೆ. ಜಿಪ್ಸಿಗೆ ಒಂದು ಚಕ್ರ ಜಾಡಿನಲ್ಲಿ, ಇನ್ನೊಂದು ನಡುದಿಬ್ಬದ ಮೇಲೆ. ಗಾಡಿ ಓರೆಯಾಗಿ ನಡೆಯುತ್ತದೆ, ಎಡಗಡೆ ಧರೆ ಇದ್ದರೆ ಕನ್ನಡಿ ಉಜ್ಜುತ್ತದೆ. ಹಾಗಿದ್ದರೆ ಎರಡೂ ಚಕ್ರವನ್ನು ಜಾಡಿನಿಂದ ಎತ್ತಿ, ದಿಬ್ಬ ಮತ್ತು ಅಂಚಿನ ಮೇಲೆ ಓಡಿಸುವುದೇ ಸರಿ. ಅಗಲ ಕಡಿಮೆಯಾದ್ದರಿಂದ ಜಿಪ್ಸಿಗೆ ಅದು ಸಾಧ್ಯ. ಸಿಲ್ವರ್ ಓಕ್ ಸಾಲಿನ ನಡುವಿನ ಒಳದಾರಿ, ಆಳುಗಳು ಇರುವ ಲೈನ್ ಮನೆಗಳ ಹಿಂದಿನ ತಿರುವು, ಹಳೇ ಕಾಲದ ಕಲ್ಲಿನ ಮೋರಿ, ಇಲ್ಲೆಲ್ಲ ಥಾರ್ ಎರಡು ಸಲ ಹಿಂದೆ ಮುಂದೆ ಮಾಡುವಷ್ಟರಲ್ಲಿ ಜಿಪ್ಸಿ ದಾಟಿರುತ್ತದೆ.

ಇಳಿಯುವಾಗ ಜಿಪ್ಸಿಯಲ್ಲಿ ಬ್ರೇಕ್ ಮರೆತುಬಿಡಿ. ಎಬಿಎಸ್ ಇಲ್ಲ, ಚಕ್ರ ಕಚ್ಚಿಕೊಂಡರೆ ಸ್ಟೇರಿಂಗು ಬರೀ ಅಲಂಕಾರ. ಲೋ ಒಂದನೇ ಗೇರಿನಲ್ಲಿ ಬಿಟ್ಟು, ಜಾರಲು ಶುರುವಾದರೆ ಸ್ವಲ್ಪ ಆಕ್ಸಿಲರೇಟರ್ ಕೊಡಬೇಕು. ಚಕ್ರ ತಿರುಗಿದರೆ ದಿಕ್ಕು ಮರಳುತ್ತದೆ. ಹೇಳುವುದು ಸುಲಭ, ಮನಸ್ಸು ಒಪ್ಪುವುದು ಕಷ್ಟ. ಇಳಿಜಾರಿನಲ್ಲಿ ತಾನೇ ಬ್ರೇಕ್ ಹಿಡಿದು ವೇಗ ತಡೆಯುವ ಥಾರ್, ಜಿಮ್ನಿಗಳ ಹಿಲ್ ಡಿಸೆಂಟ್ ಕಂಟ್ರೋಲ್ ಈ ಧೈರ್ಯವನ್ನು ಹೊಸ ಡ್ರೈವರಿಗೂ ಕೊಡುತ್ತದೆ. ಜಲ್ಲಿ, ಬಂಡೆಯ ಇಳಿಜಾರಿನಲ್ಲಿ ಅದಕ್ಕೆ ಸಾಟಿಯಿಲ್ಲ. ಸೋಪಿನಂಥ ಜೇಡಿಯಲ್ಲಿ ಮಾತ್ರ ಅದನ್ನೇ ನಂಬಿ ಕೂರಬೇಡಿ. ಬ್ರೇಕಿಗೆ ಹಿಡಿಯಲು ನೆಲವೇ ಸಿಗದಿದ್ದರೆ ಎಲೆಕ್ಟ್ರಾನಿಕ್ಸ್ ತಾನೇ ಏನು ಮಾಡೀತು?

ಹಳ್ಳ ದಾಟುವಲ್ಲಿ ಥಾರ್ ಸ್ಪಷ್ಟವಾಗಿ ಮುಂದು. ಕಂಪನಿ ಹೇಳುವ ಆಳ 650 ಮಿ.ಮೀ. ಜಿಪ್ಸಿಯನ್ನು ಒಂದೂವರೆ ಅಡಿ ನೀರಿಗಿಂತ ಮೇಲೆ ಇಳಿಸಬೇಡಿ. ಅದಕ್ಕಿಂತ ಕಡಿಮೆ ನೀರಿದ್ದರೂ ಹರಿವು ಜೋರಾಗಿದ್ದರೆ ಹಗುರವೇ ಶತ್ರುವಾಗುತ್ತದೆ, ನೀರು ಗಾಡಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಮೂರೂ ಗಾಡಿಗೆ ಸಮನಾದ ಒಂದು ಅಪಾಯವಿದೆ. ಓಡಿ ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ ಹೊರಗಿನಿಂದ ಎಳೆದುಕೊಳ್ಳುತ್ತದೆ. ಅದಕ್ಕಿರುವ ಗಾಳಿ ಕಿಂಡಿ, ಅಂದರೆ ಬ್ರೀದರ್, ಮಣ್ಣಿನಿಂದ ಕಟ್ಟಿಕೊಂಡಿದ್ದರೆ ಸೀಲಿನ ಮೂಲಕ ನೀರನ್ನೇ ಕುಡಿಯುತ್ತದೆ. ಹಳ್ಳ ದಾಟಿದ ವಾರದಲ್ಲಿ ಡಿಫರೆನ್ಷಿಯಲ್ಲಿನ ಫಿಲ್ಲರ್ ಬೋಲ್ಟ್ ಬಿಚ್ಚಿ ಬೆರಳಿಟ್ಟು ನೋಡಿ. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅವತ್ತೇ ಬದಲಿಸಿ. ಜಿಪ್ಸಿಯ ಬ್ರೀದರಿಗೆ ಒಂದು ಮೀಟರ್ ರಬ್ಬರ್ ಟ್ಯೂಬ್ ಸಿಕ್ಕಿಸಿ ಬಾನೆಟ್ಟಿನೊಳಗೆ ಎತ್ತಿ ಕಟ್ಟಿದರೆ ಈ ತಲೆನೋವೇ ಇರುವುದಿಲ್ಲ, ಖರ್ಚೂ ಹೆಚ್ಚಿಲ್ಲ.

ಸಿಕ್ಕಿಕೊಂಡ ಮೇಲಿನ ಕಥೆಯೂ ತೂಕದ್ದೇ. ಖಾಲಿ ಜಿಪ್ಸಿಯ ಒಂದು ತುದಿಯನ್ನು ನಾಲ್ಕೈದು ಆಳು ಸೇರಿ ಎತ್ತಿ ಪಕ್ಕಕ್ಕೆ ಸರಿಸಬಹುದು, ಎರಡು ಹಲಗೆ ಕೊಟ್ಟರೆ ಹೊರಬರುತ್ತದೆ. ಥಾರ್‌ಗೆ ಟ್ರ್ಯಾಕ್ಟರೋ, ತಂತಿ ಸುತ್ತಿ ಗಾಡಿ ಎಳೆಯುವ ವಿಂಚೋ ಬೇಕು. ವಿಂಚಿನ ಎಳೆತ ಗಾಡಿಯ ತುಂಬಿದ ತೂಕದ ಒಂದೂವರೆ ಪಟ್ಟು ಇರಬೇಕು. ಜಿಪ್ಸಿಗೆ ಎರಡೂವರೆ ಟನ್ ಸಾಕಾದರೆ ಥಾರ್‌ಗೆ ಮೂರೂವರೆ. ವಿಂಚಿನ ತಂತಿಯನ್ನು ಸಿಲ್ವರ್ ಓಕಿಗೆ ನೇರ ಸುತ್ತಿ ತೊಗಟೆ ಸುಲಿಯಬೇಡಿ. ಅಗಲ ಬೆಲ್ಟ್ ಹಾಕಿ, ಅದೂ ಮರದ ಬುಡಕ್ಕೆ.

ರಿಪೇರಿಯಲ್ಲಿ ಎರಡೂ ಕಾಡುತ್ತವೆ, ಕಾಡುವ ರೀತಿ ಬೇರೆ. ಜಿಪ್ಸಿಗೆ ಪ್ರತಿ ಮಳೆಗಾಲ ಏನಾದರೂ ಬೇಕೇ ಬೇಕು: ಶ್ಯಾಕಲ್ ಬುಷ್, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು, ಟ್ರಾನ್ಸ್‌ಫರ್ ಕೇಸಿನ ರಬ್ಬರ್ ಮೌಂಟಿಂಗು, ಹಿಂದಿನ ಡ್ರಮ್ಮಿನೊಳಗೆ ಮೆತ್ತಿದ ಮಣ್ಣು. ಕ್ರಾಸುಗಳಿಗೆ ಹದಿನೈದು ದಿನಕ್ಕೊಮ್ಮೆ ಗ್ರೀಸ್ ಹೊಡೆಯದಿದ್ದರೆ ದೀಪಾವಳಿ ಹೊತ್ತಿಗೆ ‘ಕಟಕಟ’ ಗ್ಯಾರಂಟಿ. ಆದರೆ ಎಲ್ಲವೂ ಕಣ್ಣಿಗೆ ಕಾಣುವ ಸಾಮಾನು. ಊರಿನ ಮೆಕ್ಯಾನಿಕ್ ಮಲಗಿ ನೋಡಿ ಹೇಳುತ್ತಾನೆ, ಸಾಮಾನು ಹತ್ತಿರ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಸ್ಸಿಗೆ ಹಾಕಿಸಿ ತರಿಸಬಹುದು. ಮುಂಚಕ್ರವನ್ನು ಶಾಫ್ಟಿಗೆ ಸೇರಿಸುವ, ಬಿಡಿಸುವ ಫ್ರೀ ವೀಲ್ ಹಬ್ ಇರುವ ಗಾಡಿಯಾದರೆ ಇನ್ನೊಂದು ಮಾತು: ಫೋರ್ ವೀಲ್ ಹಾಕಿದರೂ ಮುಂದಿನಿಂದ ಎಳೆಯುತ್ತಿಲ್ಲ ಎಂದರೆ ಗೇರ್‌ಬಾಕ್ಸ್ ಬಿಚ್ಚಿಸುವ ಮೊದಲು ಎರಡೂ ಹಬ್ ಲಾಕ್ ಆಗಿವೆಯೇ ನೋಡಿ. ಒಂದೇ ಒಂದು ಲಾಕ್ ಆಗದೆ ಉಳಿದರೂ ಡಿಫರೆನ್ಷಿಯಲ್ ಬಲವನ್ನೆಲ್ಲ ಆ ಬಿಟ್ಟ ಶಾಫ್ಟಿಗೇ ಕೊಟ್ಟು ಸುಮ್ಮನೆ ತಿರುಗಿಸುತ್ತದೆ.

ಥಾರ್ ಅಷ್ಟು ಬೇಗ ಕೈ ಕೊಡುವುದಿಲ್ಲ. ಕೊಟ್ಟರೆ ಮಾತ್ರ ಸ್ಕ್ಯಾನರ್ ಬೇಕು, ಸ್ಕ್ಯಾನರ್ ಇರುವುದು ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ. ಮುಂಚಕ್ರದ ಡ್ರೈವ್ ಶಾಫ್ಟಿನ ರಬ್ಬರ್ ಬೂಟು ಕೊಂಬೆ ತಾಗಿ ಹರಿದರೆ ಗ್ರೀಸ್ ಹೋಗಿ ಮಣ್ಣು ಸೇರಿ ಜಾಯಿಂಟೇ ಸವೆಯುತ್ತದೆ. ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ಬಗ್ಗಿ ನೋಡಲೇಬೇಕು. ಬಿಎಸ್-6 ಡೀಸೆಲ್ ಗಾಡಿಗಳಿಗೆಲ್ಲ ಇರುವ ಇನ್ನೊಂದು ತೊಡಕು ಮಸಿ ಹಿಡಿಯುವ ಡಿಪಿಎಫ್. ದಿನವೂ ಮನೆಯಿಂದ ಕಣಕ್ಕೆ, ಕಣದಿಂದ ಲೈನಿಗೆ ಎಂದು ಎರಡೇ ಕಿಲೋಮೀಟರ್ ಓಡಿಸಿದರೆ ಅದು ಸುಟ್ಟು ಶುದ್ಧವಾಗುವಷ್ಟು ಬಿಸಿ ಏರುವುದಿಲ್ಲ. ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ಹೆದ್ದಾರಿಯಲ್ಲಿ ಬಿಡದೆ ಓಡಿಸಿ. ತೋಟ ಬಿಟ್ಟು ಹೊರಗೇ ಹೋಗದ ಗಾಡಿಯಾದರೆ ಪೆಟ್ರೋಲ್ ಥಾರ್ ಅಥವಾ ಜಿಮ್ನಿಯೇ ಲೇಸು.

ಡಾಂಬರಿನ ಮೇಲೆ ಹೋಲಿಕೆಯೇ ಬೇಡ. ಚಾರ್ಮಾಡಿ ಇಳಿದು ಮಂಗಳೂರಿಗೆ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಗಾಡಿ ಜಿಪ್ಸಿ ಅಲ್ಲ. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ಹಿಂದಿನ ಅಡ್ಡ ಸೀಟು ಬೆನ್ನು ಮುರಿಯುತ್ತದೆ. ಥಾರ್‌ಗೆ 2020ರ ಗ್ಲೋಬಲ್ ಎನ್‌ಸಿಎಪಿ ಅಪಘಾತ ಸುರಕ್ಷತಾ ಪರೀಕ್ಷೆಯಲ್ಲಿ ನಾಲ್ಕು ಸ್ಟಾರ್ ಬಂದಿದೆ. ಮನೆಗೆ ಒಂದೇ ಗಾಡಿ ಎಂದಾದರೆ ಥಾರ್, ಒಳದಾರಿಗಳು ತೀರಾ ಕಿರಿದಾಗಿದ್ದರೆ ಜಿಮ್ನಿ. ಊರಿಗೆ ಹೋಗಲು ಬೇರೆ ಕಾರಿದ್ದು, ಇದು ತೋಟದೊಳಗೆ ಮಾತ್ರ ಎಂದಾದರೆ ಜಿಪ್ಸಿಯನ್ನು ಮಾರಬೇಡಿ, ಆ ದುಡ್ಡಿಗೆ ಅಷ್ಟು ಹಗುರವಾದ ಇನ್ನೊಂದು ಫೋರ್ ಬೈ ಫೋರ್ ಸಿಗುವುದಿಲ್ಲ.

2019ರಲ್ಲಿ ಮಾರಾಟ ನಿಂತಿದ್ದರಿಂದ ಈಗ ಕೊಳ್ಳುವುದೆಲ್ಲ ಹಳೇ ಜಿಪ್ಸಿಯೇ. ಸೇನೆಯ ಹರಾಜಿನಿಂದ ಬಂದದ್ದಾದರೆ ಚಾಸಿಯ ಮೇಲೆ ಕೊರೆದ ನಂಬರನ್ನು ಆರ್‌ಸಿಯ ಜೊತೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ. ಹಿಂದಿನ ಶ್ಯಾಕಲ್ ಕೂರುವ ಜಾಗದಲ್ಲಿ ಚಾಸಿಯನ್ನು ಸ್ಕ್ರೂಡ್ರೈವರಿನಿಂದ ಕುಟ್ಟಿ. ಸದ್ದು ಬೊದ್ದಾಗಿ ಬಂದರೆ ಒಳಗೆ ತುಕ್ಕು ತಿಂದಿದೆ. ಆಮೇಲೆ ಮುಂದಿನ ಆಕ್ಸಲ್ಲಿಗೆ ಜಾಕ್ ಕೊಟ್ಟು ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಒಬ್ಬರನ್ನು ಒಳಗೆ ಕೂರಿಸಿ ಬ್ರೇಕ್ ಒತ್ತಿಸಿ, ಮತ್ತೆ ಅಲ್ಲಾಡಿಸಿ. ಆಟ ನಿಂತರೆ ಸವೆದಿರುವುದು ವೀಲ್ ಬೇರಿಂಗ್, ಚಿಲ್ಲರೆ ಕೆಲಸ. ಬ್ರೇಕ್ ಒತ್ತಿದರೂ ಆಟ ಹಾಗೇ ಇದ್ದರೆ ಮುಂಚಕ್ರ ಎಡ ಬಲ ಹೊರಳುವ ಕೀಲಿನ ಕಿಂಗ್‌ಪಿನ್ ಬೇರಿಂಗ್ ಹೋಗಿದೆ. ಐವತ್ತರ ವೇಗದಲ್ಲಿ ಸ್ಟೇರಿಂಗ್ ಗಡಗಡ ನಡುಗುವುದು ಹೆಚ್ಚಾಗಿ ಅದರಿಂದಲೇ. ಎರಡೂ ಕಡೆಯ ಬೇರಿಂಗು, ಸೀಲಿನ ಖರ್ಚು ಹಿಡಿದು ಚೌಕಾಸಿ ಶುರುಮಾಡಿ.