ಬಾಟಲಿಯೋ ಸಿರಿಂಜೋ? ತಾಯಿ ಇಲ್ಲದ ಬೆಕ್ಕಿನ ಮರಿಗಳಿಗೆ ಹಾಲು ಕುಡಿಸಿದ ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸಿರಿಂಜಿಗೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಸಾದಾ 2 ಎಂಎಲ್ ಸಿರಿಂಜ್, ಸೂಜಿ ತೆಗೆದದ್ದು. ಬೆಕ್ಕಿನ ಮರಿಗಳಿಗೆ ಅಂತಲೇ ಮಾರುವ ಪುಟ್ಟ ಹಾಲಿನ ಬಾಟಲಿಯನ್ನೂ ತಂದಿದ್ದೆ. ಅದು ಈಗಲೂ ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿದೆ. ಕಣ್ಣಿಗೆ ಬಿದ್ದಾಗಲೆಲ್ಲ ಹೊಟ್ಟೆ ಹಿಂಡಿದಂತಾಗುತ್ತದೆ.

ಧನುರ್ಮಾಸ ಮುಗಿಯಲಿ ಅಂತ ಕಾದು, ಸಂಕ್ರಾಂತಿಯಾದ ಮೂರನೇ ದಿನ ನಾವು ಮೈಸೂರಿನಲ್ಲೇ ಬೇರೆ ಬಾಡಿಗೆ ಮನೆಗೆ ಬಂದೆವು. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಹಳೆಯ ಬಾಡಿಗೆದಾರರು ಬಿಟ್ಟುಹೋದ ರಟ್ಟಿನ ಡಬ್ಬಿಗಳಿದ್ದವು. ಅದರೊಳಗಿಂದ ಸಣ್ಣ ಕಿರುಚಾಟ ಕೇಳಿತು. ನೋಡಿದರೆ ನಾಲ್ಕು ಮರಿ. ಕಣ್ಣು ಆಗಷ್ಟೇ ಗೀರು ಬಿಟ್ಟಿತ್ತು, ಅಂದರೆ ಎಂಟು ಹತ್ತು ದಿನದವು. ತಕ್ಷಣ ಎತ್ತಿಕೊಳ್ಳಲಿಲ್ಲ. ತಾಯಿ ಬೆಕ್ಕು ಊಟ ಹುಡುಕಲು ಹೋಗಿರಬಹುದು, ಇಲ್ಲವೇ ಮರಿಗಳನ್ನು ಒಂದೊಂದಾಗಿ ಬೇರೆ ಜಾಗಕ್ಕೆ ಸಾಗಿಸುತ್ತಿರಬಹುದು. ದೂರದಿಂದ ಕಾಯುವುದೇ ಸರಿ. ಸಂಜೆ ಪಕ್ಕದ ಮನೆಯವರು ಬಂದು, ಆ ಬೂದು ಬೆಕ್ಕು ಬೆಳಿಗ್ಗೆಯೇ ರಸ್ತೆಯಲ್ಲಿ ಗಾಡಿಗೆ ಸಿಕ್ಕಿತು ಎಂದರು. ಆಮೇಲೆ ಕಾಯಲಿಕ್ಕೆ ಏನೂ ಉಳಿದಿರಲಿಲ್ಲ.

ಹಬ್ಬದ ಗುಂಗಿನಲ್ಲೇ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆ ಅಂತ ಹೆಸರಿಟ್ಟೆವು. ಅಡುಗೆಮನೆಯ ತೂಕದ ಯಂತ್ರದ ಮೇಲೆ ಒಂದು ಬಟ್ಟಲಿಟ್ಟು ತೂಗಿದೆ. ಬೆಲ್ಲ 158 ಗ್ರಾಂ, ಎಳ್ಳು 150, ಕೊಬ್ಬರಿ 146. ಕಡಲೆ ಬರೀ 118.

ನಮ್ಮ ಅತ್ತೆ ಪೆಟ್ಟಿಗೆಯಿಂದ ಬೆಳ್ಳಿ ಒಳಲೆ ಹುಡುಕಿ ತಂದುಕೊಟ್ಟರು. "ನನ್ನ ಮಕ್ಕಳನ್ನೆಲ್ಲ ಇದರಲ್ಲೇ ಸಾಕಿದ್ದಮ್ಮ, ಇದರಲ್ಲೇ ಹಾಕು" ಎಂದರು. ಅವರ ಮನಸ್ಸು ದೊಡ್ಡದು. ಆದರೆ ಒಳಲೆಯಿಂದ ಹಾಲು ಸುರಿಯುತ್ತದೆ, ಮರಿ ಚೀಪುವುದಕ್ಕೆ ಅಲ್ಲಿ ಏನೂ ಇಲ್ಲ. ಬೆಕ್ಕಿನ ಮರಿಯ ಬಾಯಿ ಕಡಲೆಬೇಳೆ ಗಾತ್ರ. ಅದು ಆಗುವುದಿಲ್ಲ. ಇಂಕ್ ಫಿಲ್ಲರ್‌ನಲ್ಲಿ ಒತ್ತಿದರೆ ಎಷ್ಟು ಹೋಯಿತು ಅಂತ ಗೊತ್ತಾಗುವುದಿಲ್ಲ, ಗಾಜಿನದಾದರೆ ಒಡೆಯುವ ಭಯ. ಹತ್ತಿ ಬತ್ತಿಯನ್ನು ಹಾಲಲ್ಲಿ ಅದ್ದಿ ಚೀಪಿಸುವ ಹಳೇ ಪದ್ಧತಿಯಲ್ಲಿ ಹೊಟ್ಟೆಗೆ ಹೋಗುವ ಹಾಲು ತೀರಾ ಕಡಿಮೆ, ಹತ್ತಿಯ ಎಳೆಯೂ ಬಾಯಿಗೆ ಬರುತ್ತದೆ. ಹಾಗಾಗಿ ನಿಜವಾದ ಪೈಪೋಟಿ ಬಾಟಲಿಗೂ ಸಿರಿಂಜಿಗೂ ಮಾತ್ರ.

ಬಾಟಲಿ ಸೆಟ್ಟಿಗೆ 350 ರೂಪಾಯಿ ಕೊಟ್ಟೆ. ಒಂದು ಬಾಟಲಿ, ಐದು ರಬ್ಬರ್ ನಿಪ್ಪಲ್, ತೊಳೆಯಲು ಒಂದು ಬ್ರಷ್. ಮನೆಗೆ ತಂದು ಹಾಲು ತುಂಬಿ ತಲೆಕೆಳಗೆ ಹಿಡಿದರೆ ಒಂದು ಹನಿಯೂ ಬರಲಿಲ್ಲ. ನಿಪ್ಪಲ್‌ಗೆ ತೂತೇ ಇರಲಿಲ್ಲ! ಎಷ್ಟೋ ಕಂಪನಿಗಳ ನಿಪ್ಪಲ್ ಬರುವುದೇ ಹೀಗಂತೆ, ತೂತನ್ನು ನಾವೇ ಮಾಡಿಕೊಳ್ಳಬೇಕು. ಅಂಗಡಿಯಲ್ಲಿ ಯಾರೂ ಇದನ್ನು ಹೇಳಲಿಲ್ಲ. ರಾತ್ರಿ ಹತ್ತು ಗಂಟೆ, ನಾಲ್ಕು ಮರಿ ಹಸಿವಿನಿಂದ ಕೂಗುತ್ತಿವೆ, ನಾನು ಗುಂಡುಸೂಜಿ ಹುಡುಕುತ್ತಿದ್ದೇನೆ.

ಗುಂಡುಸೂಜಿಯಲ್ಲಿ ಚುಚ್ಚಿದೆ. ಸೂಜಿ ತೆಗೆದ ಕೂಡಲೇ ರಬ್ಬರ್ ಮತ್ತೆ ಮುಚ್ಚಿಕೊಂಡಿತು. ಮರಿ ಎಳೆದೂ ಎಳೆದೂ ಸುಸ್ತಾಗಿ ನಿದ್ದೆಹೋಯಿತು. ಹೊಟ್ಟೆ ತುಂಬಿ ಮಲಗಿದೆ ಅಂದುಕೊಂಡೆ. ತೂಗಿ ನೋಡಿದರೆ ಒಂದು ಗ್ರಾಂ ಕೂಡ ಏರಿರಲಿಲ್ಲ. ಎರಡನೇ ನಿಪ್ಪಲ್‌ಗೆ ಸೂಜಿಯನ್ನು ಗ್ಯಾಸ್ ಉರಿಯಲ್ಲಿ ಕಾಯಿಸಿ ಚುಚ್ಚಿದೆ. ತೂತೇನೋ ನಿಂತಿತು, ಆದರೆ ಹಾಲಿನ ಪುಡಿಯ ಸಣ್ಣ ಗಂಟು ಬಂದರೂ ಕಟ್ಟಿಕೊಳ್ಳುತ್ತಿತ್ತು. ಮೂರನೆಯದಕ್ಕೆ ಕತ್ತರಿಯಲ್ಲಿ ತುದಿ ಕತ್ತರಿಸಿದೆ. ಕೂದಲೆಳೆಯಷ್ಟು ಜಾಸ್ತಿಯಾಯಿತು, ಹಾಲು ಧಾರೆಯಾಗಿ ಸುರಿಯಿತು. ಅದನ್ನು ಎಸೆದೆ.

ಸರಿಯಾದ ತೂತು ಎಂದರೆ ಹೀಗಿರಬೇಕು: ಬಾಟಲಿ ತಲೆಕೆಳಗೆ ಹಿಡಿದು, ಒತ್ತದೆ ಬಿಟ್ಟರೆ ಹನಿ ಹನಿಯಾಗಿ ನಿಧಾನಕ್ಕೆ ಬೀಳಬೇಕು. ಧಾರೆ ಬರಬಾರದು, ಪೂರ್ತಿ ನಿಲ್ಲಲೂಬಾರದು. ಇದನ್ನು ಹೇಳುವುದು ಸುಲಭ. ನಾನು ಮಾಡಿದ ತೂತುಗಳಲ್ಲಿ ಒಂದರ ಹಾಗೆ ಇನ್ನೊಂದು ಬರಲಿಲ್ಲ.

ಮೂರನೇ ರಾತ್ರಿ ಎರಡು ಗಂಟೆಗೆ ಕಡಲೆಗೆ ಕುಡಿಸುತ್ತಿದ್ದೆ. ಎರಡನೇ ನಿಪ್ಪಲ್ ಹಾಕಿದ್ದೆ. ಹಾಲು ನಿಂತುಹೋಯಿತು. ಗಂಟು ಕಟ್ಟಿರಬೇಕು ಅಂತ ಬಾಟಲಿಯನ್ನು ಸ್ವಲ್ಪ ಒತ್ತಿದೆ. ಗಂಟು ಬಿಟ್ಟುಕೊಂಡಿತು, ಹಾಲು ಒಮ್ಮೆಗೇ ನುಗ್ಗಿತು, ಅದರ ಮೂಗಿನಿಂದ ಬಿಳಿ ಗುಳ್ಳೆ ಬಂತು. ನೆತ್ತಿಗೆ ಹತ್ತಿತ್ತು. ತಲೆ ತಗ್ಗಿಸಿ ಹಿಡಿದು, ಮೂಗು ಒರೆಸಿ, ಬೆನ್ನು ಉಜ್ಜಿದೆ. ಸೀನಿ ಸುಮ್ಮನಾಯಿತು. ಬೆಳಿಗ್ಗೆ ಉಸಿರಿನ ಜೊತೆ ಕಟಕಟ ಸದ್ದು. ಡಾಕ್ಟರ್ ಸ್ಟೆತಸ್ಕೋಪ್ ಇಟ್ಟು ಕೇಳಿ, ಹಾಲು ಶ್ವಾಸಕೋಶಕ್ಕೆ ಇಳಿದಿದೆ, ನ್ಯುಮೋನಿಯಾ ಆಗಿದೆ ಎಂದರು. ಆಂಟಿಬಯೋಟಿಕ್ ಕೊಟ್ಟರು. ಎರಡು ದಿನ ಎದೆಯ ಮೇಲೆ ಮಲಗಿಸಿಕೊಂಡೇ ಇದ್ದೆ. ಮೂರನೇ ದಿನ ಬೆಳಗಿನ ಜಾವ ಕಡಲೆ ಹೋಯಿತು.

ಅದೇ ಡಾಕ್ಟರ್ ನನಗೆ ಸಿರಿಂಜ್ ಹಿಡಿಯುವುದನ್ನು ಕಲಿಸಿದರು. ಹಾಗಾಗಿ ನನ್ನ ಹೋಲಿಕೆಯಲ್ಲಿ ಪಕ್ಷಪಾತ ಇದೆ, ಇರಲಿ.

ಸಿರಿಂಜಿನ ದೊಡ್ಡ ಗುಣ ಅಳತೆ. ಮರಿಯ ಪ್ರತಿ 100 ಗ್ರಾಂ ತೂಕಕ್ಕೆ ಒಂದು ಸಲಕ್ಕೆ ಸುಮಾರು 4 ಎಂಎಲ್ ಹಾಲು ಅಂತ ಲೆಕ್ಕ, ಅದರ ಹೊಟ್ಟೆ ಹಿಡಿಯುವುದೇ ಅಷ್ಟು. 150 ಗ್ರಾಂ ಎಳ್ಳುವಿಗೆ 6 ಎಂಎಲ್, ಅಂದರೆ ಮೂರು ಸಿರಿಂಜ್. ಬಾಟಲಿಯ ಗೆರೆಗಳಲ್ಲಿ 6 ಎಂಎಲ್ ಕಾಣುವುದೇ ಕಷ್ಟ. ಸಿರಿಂಜಿನಲ್ಲಿ ಎಷ್ಟು ಹೋಯಿತು, ಎಷ್ಟು ಉಳಿಯಿತು, ಎಲ್ಲ ಕಣ್ಣೆದುರಿಗೇ ಇರುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ದಿನಕ್ಕೆ 10ರಿಂದ 15 ಗ್ರಾಂ ಏರುತ್ತಿದ್ದರೆ ಸರಿ. ಏರದೆ ನಿಂತರೆ ಅಥವಾ ಇಳಿದರೆ ಅದೇ ದಿನ ಡಾಕ್ಟರ್ ಹತ್ತಿರ ಹೋಗಬೇಕು.

ಎರಡನೆಯದು, ನಿದ್ದೆಗಣ್ಣಿನ ಲೆಕ್ಕ. ಮೂರು ಗಂಟೆಗೊಮ್ಮೆ ಕುಡಿಸಬೇಕು, ಮೂರು ಮರಿಗೆ ದಿನಕ್ಕೆ 24 ಸಲ. ರಾತ್ರಿ ಪಾಳಿ ಪೂರ್ತಿ ನನ್ನದೇ. ಅಂಥ ಹೊತ್ತಿನಲ್ಲಿ ಕೈತಪ್ಪಿ ಜೋರಾಗಿ ಒತ್ತಿದರೂ ಒಳಗಿರುವುದೇ 2 ಎಂಎಲ್ ಅನ್ನುವ ಧೈರ್ಯ ಬೇಕು. ಆ 2 ಎಂಎಲ್ ಕೂಡ ಒಮ್ಮೆಗೇ ಹೋದರೆ ನೆತ್ತಿಗೆ ಹತ್ತುತ್ತದೆ. ಹಾಗಾಗಿ ಹನಿ ಬಿಟ್ಟು, ಮರಿ ನುಂಗಿದ್ದನ್ನು ನೋಡಿ, ಇನ್ನೊಂದು ಹನಿ ಬಿಡಬೇಕು. ಅವಸರ ಕೂಡದು.

ಇನ್ನು ಸಿರಿಂಜಿನ ತೊಂದರೆ. ಒಳಗಿನ ಕರಿ ರಬ್ಬರ್ ಬಿಸಿನೀರಿನಲ್ಲಿ ಹತ್ತಾರು ಸಲ ತೊಳೆದ ಮೇಲೆ ಅಂಟಲು ಶುರುವಾಗುತ್ತದೆ. ಒತ್ತಿದರೆ ಜಾರುವುದಿಲ್ಲ, ಇನ್ನೂ ಒತ್ತಿದರೆ ಜಿಗಿದು ಚಿಮ್ಮುತ್ತದೆ. ಇದು ಬಾಟಲಿಯಷ್ಟೇ ಅಪಾಯ. ನಾನು ಎರಡು ದಿನಕ್ಕೊಮ್ಮೆ ಬದಲಾಯಿಸುತ್ತಿದ್ದೆ. ನನಗೆ ಒಂದಕ್ಕೆ ಆರು ರೂಪಾಯಿ ಬಿತ್ತು, ನಾಲ್ಕು ವಾರಕ್ಕೂ ನೂರು ರೂಪಾಯಿ ದಾಟಲಿಲ್ಲ. 5 ಎಂಎಲ್‌ನದು ಬೇಡ, ಅದರ ಕೊಳವೆ ದಪ್ಪ, ಸ್ವಲ್ಪ ಒತ್ತಿದರೂ ಜಾಸ್ತಿ ಬರುತ್ತದೆ. ಸೂಜಿಯನ್ನು ಮೊದಲೇ ತೆಗೆದು, ಮುಚ್ಚಳ ಹಾಕಿ, ಗಟ್ಟಿ ಡಬ್ಬಿಯಲ್ಲಿ ಎತ್ತಿಡಿ. ಕಸ ಎತ್ತುವವರ ಕೈಗೆ ಚುಚ್ಚಬಾರದು.

ಇನ್ನೊಂದು ಕೊರತೆ, ಸಿರಿಂಜಿನ ತುದಿ ಗಟ್ಟಿ. ಮರಿಗೆ ಚೀಪಿದ ಸುಖ ಸಿಗುವುದಿಲ್ಲ. ಇದಕ್ಕೆ ಸಿರಿಂಜಿನ ತುದಿಗೆ ಸಿಕ್ಕಿಸುವ ಮೆತ್ತನೆಯ ಸಿಲಿಕಾನ್ ನಿಪ್ಪಲ್ ಸಿಗುತ್ತದೆ. ಆನ್‌ಲೈನ್‌ನಲ್ಲಿ ತರಿಸಿದೆ. ತೂತು ಮೊದಲೇ ಇತ್ತು, ಸಣ್ಣದಾಗಿ, ಎಲ್ಲದರಲ್ಲೂ ಒಂದೇ ಸಮ. ಅದನ್ನು ಹಾಕಿದ ಮೇಲೆ ಮರಿಗಳೇ ಚೀಪಿ ಎಳೆದುಕೊಳ್ಳತೊಡಗಿದವು, ನಾನು ಒತ್ತುವುದೇ ಬೇಕಾಗಲಿಲ್ಲ. ಒಳಗಿನ ಕರಿ ರಬ್ಬರ್ ತಾನಾಗಿ ಕೆಳಗಿಳಿಯುವುದನ್ನು ನೋಡಿದ ದಿನ ಎಷ್ಟು ಸಮಾಧಾನ ಆಯಿತೆಂದರೆ, ಅಡುಗೆಮನೆಯ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಬಾಟಲಿಗೂ ಅದರದ್ದೇ ಕಾಲ ಇದೆ. ಮೂರು ವಾರ ದಾಟಿ ಮುಂದಿನ ಹಲ್ಲು ಬರುವಾಗ ಮರಿಗಳು ಗಟ್ಟಿಯಾಗಿ ಚೀಪುತ್ತವೆ, ಒಂದು ಸಲಕ್ಕೆ 12–15 ಎಂಎಲ್ ಬೇಕು. ಆರೇಳು ಸಲ ಸಿರಿಂಜ್ ತುಂಬುವಷ್ಟರಲ್ಲಿ ಅವಕ್ಕೆ ತಾಳ್ಮೆ ಇರುವುದಿಲ್ಲ, ಕೈಯೆಲ್ಲ ಪರಚುತ್ತವೆ. ಕೈ ಪಳಗಿದವರು ಮೊದಲ ದಿನದಿಂದಲೂ ಬಾಟಲಿಯಲ್ಲೇ ಚೆನ್ನಾಗಿ ಸಾಕುತ್ತಾರೆ. ನನ್ನ ಕೈ ಪಳಗಿರಲಿಲ್ಲ.

ಯಾವುದರಲ್ಲೇ ಕುಡಿಸಿ, ಮರಿ ತನ್ನ ಹೊಟ್ಟೆ ಕೆಳಗಾಗಿ ಇರಬೇಕು, ತಾಯಿಯ ಹತ್ತಿರ ಮಲಗಿ ಕುಡಿಯುವ ಹಾಗೆ. ನಮ್ಮ ಮಕ್ಕಳನ್ನು ಮಲಗಿಸಿಕೊಳ್ಳುವಂತೆ ಅಂಗಾತ ಮಲಗಿಸಬಾರದು.

ಹಾಲಿನ ವಿಷಯ. ಮೊದಲ ರಾತ್ರಿ ಮನೆಯ ಪ್ಯಾಕೆಟ್ ಹಾಲಿಗೇ ನೀರು ಬೆರೆಸಿ ಕೊಟ್ಟಿದ್ದೆ, ಜೀರ್ಣವಾಗಲಿ ಅಂತ. ಬೆಳಿಗ್ಗೆ ಬೇಧಿ. ಬೆಕ್ಕಿನ ಹಾಲಿನಲ್ಲಿ ಹಸುವಿನ ಹಾಲಿನ ಸುಮಾರು ಎರಡರಷ್ಟು ಪ್ರೋಟೀನ್ ಇರುತ್ತದೆ. ನೀರು ಬೆರೆಸಿದರೆ ಇರುವ ಸ್ವಲ್ಪವೂ ಹೋಯಿತಲ್ವಾ? ಮರಿಗಳಿಗೆಂದೇ ಬರುವ ಹಾಲಿನ ಪುಡಿ ದುಬಾರಿ. ಸಾವಿರದ ಮೇಲಾಯಿತು, ಎರಡು ಡಬ್ಬಿ ಬೇಕಾಯಿತು. ದುಡ್ಡು ಉಳಿಸುವುದಾದರೆ ಬಾಟಲಿಯಲ್ಲಿ ಉಳಿಸಿ, ಹಾಲಿನಲ್ಲಿ ಬೇಡ. ಕಲಸಿದ ಮೇಲೆ ಟೀ ಸೋಸುವ ಜರಡಿಯಲ್ಲಿ ತಪ್ಪದೆ ಸೋಸಿ. ಆ ಒಂದು ಗಂಟು ನನಗೆ ಮರೆಯುವುದಿಲ್ಲ.

ಬಿಸಿಗೂ ಎರಡು ಮೂರು ದಾರಿ ನೋಡಿದೆ. ಬಲ್ಬಿನ ಶಾಖಕ್ಕೆ ಮರಿಗಳು ಒಣಗಿದಂತಾದವು, ಕರೆಂಟ್ ಹೋದರೆ ಅದೂ ಇಲ್ಲ. ನನಗೆ ಒದಗಿದ್ದು ಹಳೇ ಬಿಸಿನೀರಿನ ಚೀಲ, ಎರಡು ಸುತ್ತು ಟವೆಲ್ ಸುತ್ತಿ ಡಬ್ಬಿಯ ಅರ್ಧಕ್ಕೆ ಮಾತ್ರ ಇಟ್ಟದ್ದು. ಸೆಕೆಯಾದರೆ ಮರಿ ತಾನೇ ಆಚೆ ಸರಿಯುತ್ತದೆ. ಹಾಲು ಕುಡಿಸುವ ಹೊತ್ತಿಗೇ ನೀರೂ ಬದಲಾಯಿಸುತ್ತಿದ್ದೆ. ತಣ್ಣಗಾದ ಚೀಲ ಮರಿಯ ಮೈಯ ಬಿಸಿಯನ್ನೇ ಎಳೆದುಕೊಳ್ಳುತ್ತದೆ. ತಣ್ಣಗಿರುವ ಮರಿಗೆ ಹಾಲು ಕೊಡಲೇಬಾರದು, ಅದಕ್ಕೆ ಅರಗುವುದಿಲ್ಲ. ಮೊದಲು ಮೈ ಬೆಚ್ಚಗಾಗಲಿ, ಆಮೇಲೆ ಹಾಲು.

ಕುಡಿಸಿದ ಮೇಲೆ ಬೆಚ್ಚಗಿನ ಒದ್ದೆ ಹತ್ತಿಯಿಂದ ಕೆಳಗೆ ಮೆಲ್ಲಗೆ ಒರೆಸಬೇಕು. ಮೂರು ವಾರದವರೆಗೆ ಅವಕ್ಕೆ ತಾವಾಗಿ ಉಚ್ಚೆ ಹೊಯ್ಯಲೂ ಬರುವುದಿಲ್ಲ.

ನೀವು ಇಬ್ಬರು ಮೂವರು ಪಾಳಿ ಹಾಕಿಕೊಂಡು ನೋಡಿಕೊಳ್ಳುವುದಾದರೆ, ಮರಿಗಳು ಮೂರು ವಾರ ದಾಟಿದ್ದರೆ, ಬಾಟಲಿ ತನ್ನಿ. ತೂತನ್ನು ಹಗಲು ಬೆಳಕಿನಲ್ಲಿ, ಹಾಲು ತುಂಬಿ ನೋಡಿಯೇ ಮಾಡಿ. ನನ್ನಂತೆ ಒಬ್ಬರೇ ಇದ್ದು, ಮರಿ ಇನ್ನೂರು ಗ್ರಾಂ ಒಳಗಿದ್ದರೆ 2 ಎಂಎಲ್ ಸಿರಿಂಜ್, ಸಿಲಿಕಾನ್ ನಿಪ್ಪಲ್, ಒಂದು ತೂಕದ ಯಂತ್ರ. ನಾನು ಇನ್ನೊಮ್ಮೆ ಸಾಕಬೇಕಾಗಿ ಬಂದರೂ ಇದನ್ನೇ ತರುತ್ತೇನೆ.

ಸಿರಿಂಜಿನಿಂದ ಇನ್ನೊಂದು ಉಪಕಾರ ಆಯಿತು. ಜಂತುಹುಳದ ಔಷಧಿಯನ್ನು ಎರಡು ವಾರಕ್ಕೊಮ್ಮೆ ಕುಡಿಸಬೇಕಾಗಿತ್ತು. ಅದಕ್ಕೆ ಮರಿಗಳು ಒದ್ದಾಡುತ್ತವೆ ಅಂತ ಡಾಕ್ಟರ್ ಎಚ್ಚರಿಸಿದ್ದರು. ಈಗ ಮೂರಕ್ಕೂ ಹತ್ತು ವಾರ, ಮೊದಲ ಲಸಿಕೆಯೂ ಆಯಿತು. ಸಿರಿಂಜಿನ ಕವರ್ ಹರಿಯುವ ಸದ್ದು ಕೇಳಿದರೆ ಸಾಕು, ಕೊಬ್ಬರಿ ಎಲ್ಲಿದ್ದರೂ ಓಡಿ ಬಂದು ನನ್ನ ಮೊಣಕಾಲಿಗೆ ಕಾಲಿಟ್ಟು ನಿಂತು ಬಾಯಿ ತೆರೆಯುತ್ತಾಳೆ.